ರೆಕ್ಕಿ ಕುದುರಿ ಮಾಡಿದವರು ಯಾರು

ಈಗಿನ ಕಾಲದಾಗ ಪುಕ್ಕಟೆ ಅಂದ್ರ ಏನಂತ ಗೊತ್ತೈತೇನ್ರಿ? ಹದಿನೈದು ದಿನ ಪುಕ್ಕಟೆ, ಹದಿನಾರನೇ ದಿನ ಕಾರ್ಡ್ ನಂಬರ್ ಕೊಡು! ನಾ ಕಂಪ್ಯೂಟರಿನಾಗ ಚಿತ್ರ ಮಾಡೂದು ಕಲಿತಾಗ ಹಂಗಿರಲಿಲ್ಲ. ಯಾವ್ಯಾವುದೋ ದೇಶದ ಮಂದಿ ರೆಕ್ಕಿ ಕುದುರಿ, ಕೋಡಿನ ಹಾವು ಅಂತ ತ್ರೀಡಿ ಮಾಡೆಲ್ ಮಾಡಿ ಇಂಟರ್ನೆಟ್ಟಿನಾಗ ಸುಮ್ನ ಇಟ್ಟಿರತಿದ್ರು. ಇಳಿಸ್ಕೊಂಡು, ಮೌಸಿನಿಂದ ಕಾಲು ಮಡಚಿ, ಕುತ್ತಿಗಿ ತಿರುಗಿಸಿ, ಬೇಕಾದಂಗ ನಿಲ್ಲಿಸಿ ಚಿತ್ರ ಮಾಡ್ಕೊಳ್ಳೂದು. ಗಾಂಧಿ ಚೌಕದ ಸಂದ್ಯಾಗ ನನ್ನ ಫ್ಲೆಕ್ಸ್ ಅಂಗಡಿ ನಡದದ್ದ ಇವುಗಳ ಮ್ಯಾಲೆ.

ಅಂಗಡಿ ಮುಚ್ಚಿ ಭಾಳ ವರ್ಷ ಆತು. ಹೋದ ವರ್ಷ ಒಬ್ಬ ಪ್ರಕಾಶಕರು ನನ್ನ ಹಳೇ ರೆಕ್ಕಿ ಕುದುರಿ ಚಿತ್ರ ನೋಡಿ, ಮಕ್ಕಳ ಪುಸ್ತಕದ ಮುಖಪುಟಕ್ಕ ಕೇಳಿದ್ರು. ನನ್ನ ಚಿತ್ರ ಪುಸ್ತಕದ ಮ್ಯಾಲೆ ಬರೂದು ಅದ ಮೊದಲು. ನಮ್ಮ ಜೋರಾಪುರ ಪೇಟಿ ಓಣಿ ತುಂಬ ಸಕ್ರಿ ಹಂಚಿದೆ. ಆದ್ರ ಚಿತ್ರ ಸಣ್ಣದಿತ್ತು, ದೊಡ್ಡದು ಮಾಡಾಕ ಮೂಲ ಮಾಡೆಲ್ ಬೇಕಾತು. ಅದನ್ನ ಮಾಡಿದವರ ಹೆಸರೂ ಪುಸ್ತಕದಾಗ ಅಚ್ಚಾಗಬೇಕು ಅನ್ನೂದು ನನ್ನ ಹಟ. ಹುಡುಕಿದ್ರ, ಕುದುರಿ ಇಳಿಸ್ಕೊಂಡಿದ್ದ ಜಾಲತಾಣನ ಈಗ ಇರಲಿಲ್ಲ.

ಅಂಗಡ್ಯಾಗ ನನ್ನ ಜೋಡಿ ಕೆಲಸ ಮಾಡಿದಾತ ಅಲ್ಲಿನ ಕಂಪ್ಯೂಟರ್ ಒಯ್ದಿದ್ದ. ಈಗ ತಿಕೋಟಾದಾಗ ಒಣದ್ರಾಕ್ಷಿ ಡಬ್ಬಿಗೆ ಲೇಬಲ್ ಮಾಡ್ತಾನ. ಬಸ್ ಹತ್ತಿ ಹೋದೆ. ಧೂಳು ಝಾಡಿಸಿ ಗುಂಡಿ ಒತ್ತಿದ್ವಿ, ಚಾಲೂ ಆತು. ಕುದುರಿ ಇತ್ತು! ಖರೇ ಹೇಳ್ತೇನಿ, ಕಣ್ಣಾಗ ನೀರು ಬಂತು. ಆದ್ರ ಪ್ರತಿ ಮಾಡೆಲ್ ಜೋಡಿ ಒಂದು ಸಣ್ಣ ಬರಹದ ಫೈಲ್ ಬರತಿತ್ತು, ಮಾಡಿದವರ ಹೆಸರು, ವಿಳಾಸ ಬರದ ಚೀಟಿ ಇದ್ದಂಗ. ಅವು ಒಂದೂ ಕಾಣಲಿಲ್ಲ.

"ಲೇ, ಚೀಟಿ ಎಲ್ಲಿ?"

"ಕಸ ಅಂತ ತಗದ್ವಿ ಅಲ್ರಿ ಅಕ್ಕಾರ."

"ಕಸಾ? ನಿನ್ನ ತಲಿ! ತಿಂಗಳಗಟ್ಲೆ ಕುಂತು ಮಾಡಿ ಪುಕ್ಕಟೆ ಕೊಟ್ಟಾರ, ಅವರ ಹೆಸರು ನಿನಗ ಕಸ ಆತೇನು? ನಿನ್ನ ಲೇಬಲ್ ಮ್ಯಾಲಿನ ಹೆಸರು ಯಾರರ ಒರಸಿದ್ರ ಸುಮ್ನಿರ್ತೀಯಾ?"

ಬಾಯಿಗೆ ಬಂದಂಗ ಬೈದೆ. ಪಾಪ, ತಲಿ ತಗ್ಗಿಸಿ ಚಾ ತರಿಸಿದ.

ಮತ್ತ ಹುಡುಕಿದ್ರ ಕುದುರಿ ಫೋಲ್ಡರಿನ ತಳದಾಗ ಒಂದು ಚೀಟಿ ಉಳದಿತ್ತು. ತೆರದ್ರ ಒಳಗ ಮದುವಿ ಕಾರ್ಡಿನ ಮ್ಯಾಟರ್! ನಮ್ಮಲ್ಲಿ ಅದೊಂದು ರೂಢಿ ಇತ್ತು. ಗಿರಾಕಿ ಫೋನಿನಾಗ ಮ್ಯಾಟರ್ ಹೇಳಾಕ ಹತ್ತಿದ್ರ, ಎದುರಿಗೆ ಯಾವ ಫೈಲ್ ತೆರದಿತ್ತೋ ಅದರಾಗಿಂದು ಅಳಿಸಿ, ಗಡಿಬಿಡ್ಯಾಗ ಅಲ್ಲೇ ಬರಕೊಳ್ಳೂದು.

"ಇಲ್ನೋಡು ನಿನ್ನ ಶಾಣ್ಯಾತನ! ಇದರ ಮ್ಯಾಲೂ ಬರದೀ!" ಅಂತ ಒದರಿದೆ. ಆಮ್ಯಾಲೆ ನಾ ಓದಿದೆ. ವರ ಬಬಲೇಶ್ವರದವ, ವಧು ನನ್ನ ತಂಗಿ. ನಮ್ಮಪ್ಪ ಫೋನಿನಾಗ ಹೇಳಿದ್ದು, ಬರಕೊಂಡಾಕಿ ನಾನ. ಥೂ ನನ್ನ! ಇಷ್ಟೊತ್ತು ಬೈದದ್ದೆಲ್ಲಾ ಯಾರಿಗೆ?

ಬಸ್ ಸ್ಟ್ಯಾಂಡಿನಿಂದ ಪ್ರಕಾಶಕರಿಗೆ ಫೋನ್ ಹಚ್ಚಿ, ಕುದುರಿ ಬ್ಯಾರೆಯವರದು, ಹೆಸರು ಸಿಗಲಿಲ್ಲ, ಹಂಗಂತ ಒಂದು ಸಾಲು ಅಚ್ಚು ಮಾಡ್ರಿ ಅಂದೆ.

"ಅದೆಲ್ಲ ತಕರಾರು ಆಗ್ತೈತ್ರಿ. ನಿಮ್ಮ ಹೆಸರಷ್ಟ ಹಾಕೂಣು. ಯಾರ್ ಕೇಳ್ತಾರ?"

"ನಾ ಕೇಳ್ತೇನ್ರೀ!" ಅಂದೆ. ಬಸ್ ಸ್ಟ್ಯಾಂಡಿನ ಮಂದಿ ತಿರುಗಿ ನೋಡಿದ್ರು. ಮುಖಪುಟ ಬ್ಯಾರೆಯವರಿಗೆ ಹೋತು.

ಆ ಚೀಟಿ ನನ್ನ ಮೊಬೈಲಿನಾಗ ಐತಿ. ಅದರಾಗ ಕುದುರಿ ಮಾಡಿದವರು ಇಂಗ್ಲಿಷಿನಾಗ ಬರದಿದ್ದ, ನಾ ಅಳಿಸದ ಒಂದ ಸಾಲು ಉಳದೈತಿ: ಇದರಿಂದ ಏನರ ಮಾಡಿದ್ರ ನನಗೂ ಕಳಸ್ರಿ, ನೋಡಾಕ ಆಸೆ ಐತಿ, ಈ ಕೆಳಗಿನ ವಿಳಾಸಕ್ಕ. ಅದರ ಕೆಳಗ ನನ್ನ ತಂಗಿ ಮದುವಿ ಅಕ್ಷತಾ ಹಾಕೂ ವ್ಯಾಳ್ಯಾ ಐತಿ.