ಈಜು ಬಾರದವನ ಮೋಟಾರು ದೋಣಿ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕು ಜಾಲಾಡಿದರೂ ಸ್ವಂತ ಮೋಟಾರು ದೋಣಿ ಇಟ್ಟುಕೊಂಡ ಇತಿಹಾಸದ ಮೇಷ್ಟ್ರು ನಾನೊಬ್ಬನೇ ಸಿಗಬಹುದು. ಸ್ನಾನಕ್ಕೆ ಎರಡು ಚೊಂಬು ನೀರು ಹೆಚ್ಚಾದರೆ ಹೆದರುವ ಗಂಡಸಿಗೆ ದೋಣಿಯ ಉಸಾಬರಿ ಯಾಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ.

ದೋಣಿ ನಾನು ಕೊಂಡದ್ದಲ್ಲ, ನನ್ನ ತಲೆಗೆ ಬಂದದ್ದು. ನಮ್ಮಜ್ಜ ಮುಕ್ಕುಂದದವನು, ತುಂಗಭದ್ರೆಯ ದಂಡೆಯವನು. ಕಾಲುವೆ ಕೆಲಸ ಮುಗಿಸಿ ಹೊರಟ ಗುತ್ತಿಗೆದಾರನೊಬ್ಬ ತನ್ನ ಹಳೆ ಸಾಮಾನನ್ನು ಹರಾಜಿಗಿಟ್ಟಾಗ ಊರವರೆಲ್ಲ ತಗಡು, ಹಗ್ಗ, ಕಬ್ಬಿಣ ಕೂಗಿದರೆ ಅಜ್ಜ ಈ ದೋಣಿಯನ್ನು ಕೂಗಿದ. ಹರಿಗೋಲು ಹಾಕುವವರು ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಮದುವೆ ದಿಬ್ಬಣ, ಅಕ್ಕಿ ಚೀಲ, ಮುನಿಸಿಕೊಂಡು ತವರಿಗೆ ಹೊರಟ ಸೊಸೆಯಂದಿರು ಎಲ್ಲರೂ ಅಜ್ಜನ ದೋಣಿಯನ್ನೇ ಹತ್ತತೊಡಗಿದಾಗ ನಗು ನಿಂತಿತು. ಮುಂದೆ ಸೇತುವೆಯಾಯಿತು. ದೋಣಿ ಹೊಲದ ಕೊಟ್ಟಿಗೆ ಸೇರಿತು. ಎಂಜಿನ್ನನ್ನು ಯಾರೋ ಗದ್ದೆಗೆ ನೀರೆತ್ತಲು ಒಯ್ದರು, ತಿರುಗಿ ಕೊಡಲಿಲ್ಲ. ಉಳಿದ ಮರದಲ್ಲಿ ಕೋಳಿಗಳು ಮೂರು ತಲೆಮಾರು ಬಾಳಿದವು. ಪಾಲಾಗುವಾಗ ಹೊಲಕ್ಕೆ, ಎತ್ತಿಗೆ, ಹಿತ್ತಾಳೆ ಹಂಡೆಗೆ ಕೂಡ ಜಗಳವಾಯಿತು. ದೋಣಿಯನ್ನು ಮಾತ್ರ ಯಾರೂ ಕೇಳಲಿಲ್ಲ. ನಾನು ಓದಿದವನು, ಜಗಳ ಬರುವುದಿಲ್ಲ ಎಂದು ಅದನ್ನು ನನ್ನ ಪಾಲಿಗೆ ಹಾಕಿದರು.

ನಾನೂ ಅದನ್ನು ಕೋಳಿಗಳಿಗೇ ಬಿಟ್ಟಿದ್ದೆ. ಎಬ್ಬಿಸಿದವಳು ಅತ್ತೆ. ನನ್ನ ತಂದೆಯ ಅಕ್ಕ ಶಾಂತವ್ವ, ಎಪ್ಪತ್ತೆಂಟರ ಹೆಣ್ಣುಮಗಳು, ಈಗ ಸಿಂಧನೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಎರಡೂ ಮೊಣಕಾಲು ಮುಷ್ಕರ ಹೂಡಿವೆ. ನಾಲಗೆ ಮಾತ್ರ ಈಗಲೂ ಹದಿನಾರರದ್ದು. ಒಂದು ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ಬಸು, ಲಗ್ನ ಆಗಿ ಆ ಬೋಟಿನ್ಯಾಗ ಹೊಳಿ ದಾಟಿ ಹೋದಾಕಿ ನಾ. ಕಾಲು ಪೂರಾ ಕುಂದ್ರೂಕಿಂತ ಮೊದಲ ಇನ್ನೊಮ್ಮಿ ದಾಟಿಸು. ಬ್ಯಾರೆ ಏನೂ ಕೇಳಂಗಿಲ್ಲ."

ಬೇರೆ ಏನೂ ಕೇಳುವುದಿಲ್ಲ ಎಂಬುದು ಸುಳ್ಳು. ಅವಳು ದಿನಕ್ಕೆ ಹತ್ತು ಕೇಳುತ್ತಾಳೆ. ಆದರೆ ಈ ಒಂದನ್ನು ಕೇಳುವಾಗ ದನಿ ಸಣ್ಣದಾಗಿತ್ತು. ಸೇತುವೆ ಮೇಲೆ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದೆ. ಸೇತುವೆ ದಾಟಿದರೆ ಹೊಳೆ ದಾಟಿದ ಹಾಗಾಗುತ್ತದೇನು ಎಂದು ಮುಖ ತಿರುಗಿಸಿದಳು.

ಹೀಗೆ ಶುರುವಾದ ಕೆಲಸ ಒಂದೂವರೆ ವರ್ಷ ನಡೆಯಿತು. ಲಿಂಗಸುಗೂರಿನ ಕಾಲೇಜಿನಲ್ಲಿ ವಾರವಿಡೀ ಪಾಠ, ಭಾನುವಾರ ಸಿಂಧನೂರಿನ ಬಸ್ಸು. ದಾರಿಯಲ್ಲಿ ಮಸ್ಕಿ. ಅಲ್ಲಿ ಬಸ್ಸು ನಿಂತಾಗಲೆಲ್ಲ ನನಗೆ ಅಶೋಕ ನೆನಪಾಗುತ್ತಿದ್ದ. ಬಹಳ ಕಡೆ ಬರೀ ಬಿರುದು ಕೆತ್ತಿಸಿ ಸುಮ್ಮನಾದ ಚಕ್ರವರ್ತಿ ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರನ್ನೇ ಹಾಕಿಸಿದ. ವಿದ್ವಾಂಸರು ಇದಕ್ಕೆ ಏನೇನೋ ಕಾರಣ ಕೊಡುತ್ತಾರೆ. ನನ್ನ ಪ್ರಕಾರ ಕಾರಣ ಒಂದೇ: ನಮ್ಮ ಕಡೆಯ ಜನ "ಯಾರ್ರೀ ನೀವು? ಯಾವೂರು?" ಎಂದು ಕೇಳದೆ ಯಾರನ್ನೂ ಮುಂದೆ ಬಿಡುವುದಿಲ್ಲ. ದೋಣಿ ರಿಪೇರಿ ಮಾಡುತ್ತೇನೆ ಎಂದು ಹೊರಟ ಮೇಲೆ ಇದೇ ವಿಚಾರಣೆ ನನಗೂ ಪ್ರತಿ ಭಾನುವಾರ ಬಸ್ಸಿನಲ್ಲಿ ನಡೆಯಿತು.

ನಮ್ಮ ಸೀಮೆಯಲ್ಲಿ ಬಂಡಿ ಮಾಡುವ ಬಡಿಗರಿದ್ದಾರೆ, ದೋಣಿ ಮಾಡುವವರಿಲ್ಲ ಎಂದುಕೊಂಡಿದ್ದೆ. ಸಿಂಧನೂರಿನ ಬಳಿ ಬಂಗಾಲಿ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನಲ್ಲಿ ನಿತಾಯಿ ಸಿಕ್ಕರು. ಬಂಗಾಲದ ಹೊಳೆಗಳ ನಾಡಿನಿಂದ ತಂದೆಯ ಹೆಗಲ ಮೇಲೆ ಕೂತು ಬಂದವರು, ಇಲ್ಲಿ ಭತ್ತ ಬೆಳೆಯುತ್ತ ಮುದುಕರಾದವರು. ಅವರಪ್ಪ ದೋಣಿ ಕಟ್ಟುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಆ ವಿದ್ಯೆ ಬಾಗಿಲು ಕಿಟಕಿಗಳಿಗೆ ಇಳಿದಿತ್ತು. ನಮ್ಮ ದೋಣಿಯನ್ನು ನೋಡಿ ಅವರು ಕೋಳಿಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟರು. ಆಮೇಲೆ ಅದನ್ನು ಕ್ಯಾಂಪಿಗೆ ಸಾಗಿಸಿಕೊಂಡು, ಹಲಗೆ ಹಲಗೆಯನ್ನೂ ಬಡಿದು ನೋಡಿ ಅರ್ಧಕ್ಕರ್ಧ ಕಿತ್ತು ಹೊಸದು ಹಾಕಿದರು. ಇಷ್ಟು ಬದಲಾದ ಮೇಲೆ ಇದು ಅಜ್ಜನ ದೋಣಿ ಹೌದೋ ಅಲ್ಲವೋ ಎಂದು ನಾನು ಚಿಂತೆಗೆ ಬಿದ್ದೆ. ಗ್ರೀಕರು ಇದರ ಮೇಲೆ ಶತಮಾನಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ ಎಂದು ಅತ್ತೆಗೆ ವಿವರಿಸಿದೆ. ಅವಳು ತಾನು ಹೊದ್ದಿದ್ದ ಕೌದಿ ತೋರಿಸಿದಳು. ಅದರಲ್ಲಿ ಅವಳವ್ವನ ಕಾಲದ ಒಂದು ತುಂಡೂ ಉಳಿದಿಲ್ಲ, ಆದರೂ ಅದು ಅವ್ವನ ಕೌದಿ. ಗ್ರೀಕರಿಗೆ ಕೌದಿ ಹೊಲಿಯುವ ಹೆಂಗಸರು ಇರಲಿಲ್ಲವೆಂದು ಕಾಣುತ್ತದೆ.

ಮರದ ಕೆಲಸ ಮುಗಿಯಿತು ಎಂದು ನಾನು ಪೇಢೆ ತಂದ ದಿನವೇ ನಿತಾಯಿ ದೋಣಿಯನ್ನು ಮುಳುಗಿಸಬೇಕು ಎಂದರು. ಒಣಗಿದ ಮರ ನೀರು ಕುಡಿದು ಉಬ್ಬಿದರೆ ಮಾತ್ರ ಸಂದು ಮುಚ್ಚುತ್ತದಂತೆ. ಸರಿ, ಕ್ಯಾಂಪಿನ ಅವರದೇ ಗದ್ದೆಯಲ್ಲಿ, ನಾಟಿಗೆ ನಿಲ್ಲಿಸಿದ ನೀರಿನಲ್ಲಿ ದೋಣಿಯನ್ನು ಇಳಿಸಿ, ಒಳಗೂ ನೀರು ತುಂಬಿ ಒಂದು ವಾರ ಬಿಟ್ಟೆವು. ದಾರಿಹೋಕರು ಬೈಕು ನಿಲ್ಲಿಸಿ, ಇದು ಯಾವ ತಳಿ, ಎಷ್ಟು ದಿನಕ್ಕೆ ಕೊಯ್ಲು ಎಂದು ವಿಚಾರಿಸಿಕೊಂಡು ಹೋದರು.

ಇನ್ನು ಎಂಜಿನ್. ಸಿಂಧನೂರಿನ ಮೆಹಬೂಬ್ ಉಸ್ತಾದರು ಟ್ರ್ಯಾಕ್ಟರ್ ರಿಪೇರಿಯಲ್ಲಿ ಎತ್ತಿದ ಕೈ. ದೋಣಿಯನ್ನು ಅವರು ಜೀವಮಾನದಲ್ಲಿ ಮುಟ್ಟಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಜಾಯಮಾನವೂ ಅವರದಲ್ಲ. "ಎಂಜಿನ್ ಅಂದ್ರ ಎಂಜಿನ್ ರೀ ಸರ್. ನೆಲ ಏನು, ನೀರೇನು" ಎಂದು, ಹೊಲದ ಪಂಪಿನ ಹಳೆ ಡೀಸೆಲ್ ಎಂಜಿನ್ ಒಂದನ್ನು ತಂದು ಕೂರಿಸಿ, ನೀರು ತಳ್ಳುವ ಅಜ್ಜನ ಕಾಲದ ಹಿತ್ತಾಳೆ ಪಂಖಕ್ಕೆ ಜೋಡಿಸಿಬಿಟ್ಟರು. ಟ್ರ್ಯಾಕ್ಟರಿನ ಕೆಂಪು ಬಣ್ಣ ಬಳಿಸಿದರು. ಹಿಂಭಾಗಕ್ಕೆ "ಅಂತರ ಕಾಯ್ದುಕೊಳ್ಳಿ" ಎಂದು ಬರೆಸಿದರು. ಹೊಳೆಯಲ್ಲಿ ಯಾರಿಂದ ಅಂತರವೋ ಅವರಿಗೇ ಗೊತ್ತು.

ಮಳೆಗಾಲದ ಕೆಂಪು ನೀರು ಇಳಿದು ಹೊಳೆ ಶಾಂತವಾದ ಮೇಲೆ ಒಂದು ಬೆಳಿಗ್ಗೆ ದೋಣಿಯನ್ನು ಟ್ರೇಲರ್ ಮೇಲೆ ಹೇರಿಕೊಂಡು ಮುಕ್ಕುಂದಕ್ಕೆ ಹೋದೆವು. ಪೂಜೆಯಲ್ಲಿ ಸಣ್ಣ ತೊಡಕು. ಹೊಸ ಗಾಡಿ ಎಂದರೆ ಗಾಲಿ ಕೆಳಗೆ ನಿಂಬೆಹಣ್ಣು ಇಡಬೇಕು. ದೋಣಿಗೆ ಗಾಲಿ ಎಲ್ಲಿ? ಹಿರಿಯರು ವಿಚಾರ ಮಾಡಿ ಟ್ರೇಲರಿನ ಗಾಲಿಗೇ ಇಟ್ಟರು. ಹೀಗೆ ಒಂದೂವರೆ ವರ್ಷದ ತಪಸ್ಸಿನ ಪುಣ್ಯವೆಲ್ಲ ಬಾಡಿಗೆ ಟ್ರೇಲರಿಗೆ ಹೋಯಿತು.

ಊರಿಗೆ ಊರೇ ದಂಡೆಯಲ್ಲಿ ಸೇರಿತ್ತು. ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ದೋಣಿಯೊಳಗೆ ಇಳಿಸಿದೆವು. ಮೂತಿ ಆಚೆ ದಡಕ್ಕೆ, ಅತ್ತೆಯ ಮುಖವೂ ಆಚೆ ದಡಕ್ಕೆ. ನಾನು ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬೊಂದನ್ನು ಸೊಂಟಕ್ಕೆ ಹಾಕಿಕೊಂಡು ಹತ್ತಿದೆ. ನಿತಾಯಿ ಉದ್ದನೆಯ ಬಿದಿರು ಗಳ ಹಿಡಿದರು. ಉಸ್ತಾದರು ಬಿಸ್ಮಿಲ್ಲಾ ಎಂದು ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಗುಡುಗಿತು, ನೀರು ಕಡೆದುಕೊಂಡಿತು, ದೋಣಿ ಕದಲಿತು. ಹಿಂದಕ್ಕೆ ಕದಲಿತು. ಹಾರ ಹಿಡಿದು ನಿಂತಿದ್ದ ಹಿರಿಯರ ಕಡೆಗೇ "ಅಂತರ ಕಾಯ್ದುಕೊಳ್ಳಿ" ಎನ್ನುತ್ತ ನುಗ್ಗಿ ಕೆಸರಿನಲ್ಲಿ ಹೂತು ನಿಂತಿತು. ಹಿರಿಯರು ಅಂತರ ಕಾಯ್ದುಕೊಂಡರು.

ಉಸ್ತಾದರು ಬಹಳ ಹೊತ್ತು ಎಂಜಿನ್ ನೋಡಿ, ಅದು ತಿರುಗುವುದು ಅಜ್ಜನ ಎಂಜಿನ್ನಿನ ಉಲ್ಟಾ, ಅದಕ್ಕೇ ಪಂಖ ಹಿಂದಕ್ಕೆ ಎಳೆಯುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಪಂಪಿಗೆ ಅದು ಸರಿಯಂತೆ. ಸರಿಪಡಿಸಲು ಇನ್ನೊಂದು ತಿಂಗಳು ಬೇಕು. ನನಗೆ ಅಳುವೇ ಬಂತು. ಅತ್ತೆಯ ಮೊಣಕಾಲುಗಳು ಇನ್ನೊಂದು ತಿಂಗಳಿಗೆ ಒಪ್ಪುತ್ತವೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ಅವಳು ಮಾತ್ರ ಕುರ್ಚಿಯಿಂದ ಅಲುಗಲಿಲ್ಲ. "ಹಿಂದಕ್ಕ ಹೋಗ್ತದಲ್ಲ? ಹಂಗಾರ ಹೊಳ್ಳಿಸಿ ನಿಂದ್ರಸ್ರಿ. ಹಿಂದಕ್ಕ ಹೋಗಲಿ" ಎಂದಳು.

ಹತ್ತು ಮಂದಿ ನೀರಿಗಿಳಿದು ದೋಣಿಯನ್ನು ತಿರುಗಿಸಿದರು. ಈಗ ಮೂತಿ ನಮ್ಮ ದಂಡೆಗೆ, ಬೆನ್ನು ಆಚೆ ದಡಕ್ಕೆ. ನಿತಾಯಿ ಗಳ ಊರಿ ದಾರಿ ತಪ್ಪದಂತೆ ನೋಡಿಕೊಂಡರು. ದೋಣಿ ಬೆನ್ನು ಹಾಕಿಕೊಂಡೇ ಹೊರಟಿತು. ನಾನು ಕಣ್ಣು ಮುಚ್ಚಿ ಟ್ಯೂಬು ತಬ್ಬಿಕೊಂಡಿದ್ದೆ. ನಡುಹೊಳೆಯಲ್ಲಿ ಕಣ್ಣು ತೆರೆದಾಗ ಅತ್ತೆ ನಮ್ಮ ದಂಡೆಯನ್ನು ದಿಟ್ಟಿಸಿ ನೋಡುತ್ತಿದ್ದಳು. ಕೈ ಬೀಸುವ ಜನ, ಬೇವಿನ ಗಿಡ, ಅಗಸರ ಕಲ್ಲು, ಎಲ್ಲ ಮೆಲ್ಲಗೆ ಸಣ್ಣದಾಗುತ್ತಿದ್ದವು. ಅವಳ ಕಣ್ಣಲ್ಲಿ ನೀರಿತ್ತು.

"ಅವತ್ತು ನಮ್ಮವ್ವ, ಹಿಂದ ತಿರುಗಿ ನೋಡಬ್ಯಾಡ, ಹೋದ ಮನಿ ಹಸನಾಗಂಗಿಲ್ಲ ಅಂದಿದ್ಲು" ಎಂದಳು. "ನಾ ನೋಡಲೇ ಇಲ್ಲ. ನನ್ನ ಬೆನ್ನ ಹಿಂದ ಅಪ್ಪ ಎಂಜಿನ್ ಹಿಡಕೊಂಡು ಕುಂತಿದ್ದ, ಅವನ ಮಾರಿ ಸೈತ ನೋಡಲಿಲ್ಲ. ದಂಡಿ ಮ್ಯಾಲೆ ಯಾರ್ಯಾರು ನಿಂತಿದ್ರೋ, ಯಾರ್ಯಾರು ಅತ್ತರೋ."

ಉಸ್ತಾದರು ಎಂಜಿನ್ನಿನ ವೇಗವನ್ನು ತಾವಾಗಿಯೇ ತಗ್ಗಿಸಿದರು. ದಂಡೆಯವರು ಕಡಲೆಕಾಳಿನಷ್ಟಾಗುವ ತನಕ ಅತ್ತೆ ನೋಡಿದಳು.

ಆಚೆ ದಡ ಮುಟ್ಟಿ, ಅಲ್ಲಿಯವರು ಕೊಟ್ಟ ಚಹಾ ಕುಡಿದು, ದೋಣಿಯನ್ನು ಮತ್ತೆ ತಿರುಗಿಸಿಕೊಂಡು ಹೊರಟೆವು. ಈಗ ಅತ್ತೆಯ ಮುಖ ಅವಳು ಬಾಳಿದ ಗಂಡನ ಊರಿನ ಕಡೆಗಿತ್ತು. ಅದೂ ಮೆಲ್ಲಗೆ ಸಣ್ಣದಾಗತೊಡಗಿತು. ಇದನ್ನೂ ಕಣ್ತುಂಬ ನೋಡಲಿ ಎಂದು ನಾನು ಟ್ಯೂಬು ಸರಿಸಿ ಅಡ್ಡವಾಗದಂತೆ ಕೂತೆ. ಅತ್ತೆ ಸೆರಗಿನ ತುದಿಯಿಂದ ಎಲೆ ಅಡಿಕೆ ಬಿಚ್ಚಿ ಬಾಯಿಗೆ ಹಾಕಿಕೊಂಡಳು. "ಈ ಊರು ಐವತ್ತು ವರ್ಷ ನೋಡೀನಿ, ಸಾಕು" ಎಂದು ಕಣ್ಣು ಮುಚ್ಚಿ, ನಮ್ಮ ದಂಡೆ ಮುಟ್ಟುವವರೆಗೂ ಗೊರಕೆ ಹೊಡೆದಳು.