ಚಕ್ಕೋತದ ಕೆಳಗೆ ಕಾರು

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ಹಳೆಯ ಕಾರೊಂದನ್ನು ಕೊಳ್ಳುವ ಮುಂಚೆಯೇ ಬೂದಿಗೆರೆಯ ನಮ್ಮ ಮನೆಯ ಅಂಗಳವನ್ನು ಟೇಪು ಹಿಡಿದು ಅಳೆದಿದ್ದೆ. ಕಾರು ಸಲೀಸಾಗಿ ಹಿಡಿಸಬೇಕಿತ್ತು. ಚಕ್ಕೋತದ ಮರವೊಂದನ್ನು ಮಾತ್ರ ಬಿಟ್ಟಿದ್ದೆ. ಹುಟ್ಟಿದಾಗಿನಿಂದ ನೋಡುತ್ತಿದ್ದುದರಿಂದ ಅದೂ ಜಾಗ ಹಿಡಿಯುತ್ತದೆ ಅನ್ನುವುದು ಹೊಳೆದಿರಲಿಲ್ಲ. ಕಾರು ಬಂದ ದಿನ ಅದರ ಮೂತಿ ಕಾಂಡಕ್ಕೆ ತಾಗಿ ನಿಂತಿತು, ಹಿಂಭಾಗ ಎರಡು ಅಡಿ ಗೇಟಿನಾಚೆ ಉಳಿಯಿತು.

ಮರ ಕಡಿಸೋಣವೇ ಎಂದು ಅಪ್ಪನನ್ನು ಕೇಳಿದೆ.

“ಅದು ನಿಮ್ಮಜ್ಜಿ ನೆಟ್ಟಿದ್ದು. ಅವ್ವ ಹೂಂ ಅಂದ್ರೆ ನಾಳೇನೇ ಕಡಿಸ್ತೀನಿ. ಕೇಳೋದು ಮಾತ್ರ ನೀನೇ ಕೇಳು,” ಅಂದವರು ಸ್ಕೂಟರ್ ಹತ್ತಿ ಹೊರಟೇಬಿಟ್ಟರು.

ಬೇಡದ ಮಾತನ್ನು ಮನೆಯಲ್ಲಿ ಎತ್ತಿದರೆ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ. ಹೊರಗೆಲ್ಲಾದರೂ ಕರೆದುಕೊಂಡು ಹೋಗಿ, ಹೊಟ್ಟೆ ತುಂಬಿಸಿ, ಖುಷಿಯಾಗಿರುವಾಗ ಕೇಳುವುದೆಂದು ತೀರ್ಮಾನಿಸಿದೆ. ದೇವನಹಳ್ಳಿ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ರೆಸ್ಟೋರೆಂಟೊಂದರಲ್ಲಿ ಭಾನುವಾರದ ಬ್ರಂಚ್ ಇತ್ತು. ಥಾಯ್, ಜಪಾನಿ, ಕೊರಿಯನ್, ಎಲ್ಲ ಅಡುಗೆಯೂ ಒಂದೇ ಮೆನುವಿನಲ್ಲಿ.

ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎರಡು ಚಕ್ಕೋತ.

“ಅದ್ಯಾಕಜ್ಜಿ?”

“ಉಣ್ಣಕ್ಕೆ ಹೋಗೋ ಕಡೀಕೆ ಬರಿಗೈಲಿ ಹೋಗ್ತಾರೇನೇ?”

“ಅದು ಮನೆಯಲ್ಲ, ಹೋಟ್ಲು.”

“ಹೋಟ್ಲಾದ್ರೆ? ಒಲೆ ಹಚ್ಚೋರು ಒಬ್ರು ಇರ್ತಾರೋ ಇಲ್ವೋ?”

ಬಾಗಿಲಲ್ಲೇ ‘ಹೊರಗಿನ ತಿಂಡಿ ತರುವಂತಿಲ್ಲ’ ಎಂಬ ಫಲಕವಿತ್ತು. ನಾಲ್ಕು ಜನ ತಿರುಗಿ ನೋಡುವಂಥದ್ದು ನನಗೆ ಆಗುವುದಿಲ್ಲ. ಚೀಲವನ್ನು ಕಾಲಿನಿಂದ ಮೇಜಿನ ಕೆಳಕ್ಕೆ ತಳ್ಳಿದೆ.

“ಇದು ತಿಂಡಿನೋ ಊಟಾನೋ?” ಅಜ್ಜಿ ಕೇಳಿದಳು. ಗಂಟೆ ಹನ್ನೊಂದಾಗಿತ್ತು.

“ಎರಡೂ ಅಜ್ಜಿ.”

“ಹಂಗಾದ್ರೆ ಮಧ್ಯಾಹ್ನಕ್ಕೆ ಮುದ್ದೆ ಇಲ್ವಾ?”

“ಮನೆಗೆ ಹೋಗಿ ಉಣ್ಣು.”

“ಮತ್ತೆ ಎರಡೂ ಅಂದೆ?”

ಹಬೆಯಲ್ಲಿ ಬೆಂದ, ಅಣಬೆ ತುಂಬಿದ ಬನ್ನುಗಳು ಮೊದಲು ಬಂದವು. ಅಜ್ಜಿ ಒಂದನ್ನು ಮುರಿದು ನೋಡಿ, “ಕಡುಬು. ಪಾಪ, ಬೆಲ್ಲ ಮರ್ತವ್ರೆ,” ಅಂದು ಎರಡು ತಿಂದಳು. ತಿನ್ನಲು ಕೊಟ್ಟ ಕಡ್ಡಿಗಳನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು; ಮೆಣಸಿನ ಗಿಡಕ್ಕೆ ಆಸರೆಗೆ ಆಗುತ್ತವಂತೆ. ಒಟ್ಟಿನಲ್ಲಿ ಖುಷಿಯಾಗಿದ್ದಳು. ಇದೇ ಸಮಯ ಅನ್ನಿಸಿತು.

“ಅಜ್ಜಿ, ನಿನ್ನ ಒಂದು ಮಾತು ಕೇಳ್ಬೇಕಿತ್ತು.”

ಅಷ್ಟರಲ್ಲಿ ಸಲಾಡ್ ಬಂತು. ಮೆನುವಿನಲ್ಲಿ ಬರೆದದ್ದನ್ನು ಪೂರ್ತಿ ಓದದೆ ತರಿಸಿದ್ದೆ. ಈ ತಪ್ಪನ್ನು ಕಾರ್ಖಾನೆಯಲ್ಲಿ ಒಮ್ಮೆಯೂ ಮಾಡಿಲ್ಲ. ಅಜ್ಜಿ ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದಳು.

“ಲೇ, ಇದು ಚಕ್ಕೋತ ಕಣೇ!”

ಪಕ್ಕದ ಮೇಜಿನ ನಾಲ್ಕು ಜನ ತಿರುಗಿ ನೋಡಿದರು.

“ಉಪ್ಪು, ಖಾರದ ಪುಡಿ ಹಾಕ್ಕಂಡು ತಿನ್ನಾದ್ನ ಇವ್ರಿಗ್ಯಾರು ಹೇಳ್ಕೊಟ್ರು?” ಇನ್ನೊಂದು ಚೂರು ಅಗಿದವಳು ಮುಖ ಗಂಟಿಕ್ಕಿದಳು. “ಥೂ, ಎಸಳಿನ ಸಿಪ್ಪೆ ಬಿಡ್ಸೇ ಇಲ್ಲ. ಕಹಿ.” ಬಡಿಸುತ್ತಿದ್ದ ಹುಡುಗಿಯನ್ನು ಕರೆದು, “ಅಡಿಗೆಯೋರ್ನ ಒಸಿ ಕಳ್ಸವ್ವ,” ಅಂದಳು. ಹುಡುಗಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾನು ಮೆನುವನ್ನು ಪೂರ್ತಿ ಓದತೊಡಗಿದೆ.

ಬಂದವನು ಮಣಿಪುರದ ಕಡೆಯವನು. ಬೆಂಗಳೂರಿನ ಅಡುಗೆಮನೆಗಳಲ್ಲಿ ಕನ್ನಡ ಕಲಿತಿದ್ದನಂತೆ. “ಏನಾಯ್ತು ಅಜ್ಜಿ, ಚೆನ್ನಾಗಿಲ್ವಾ?” ಎಂದು ಕೈ ಒರೆಸಿಕೊಳ್ಳುತ್ತ ನಿಂತ.

ಅಜ್ಜಿ ಬಗ್ಗಿ ಚೀಲ ಎಳೆದು, ಫಲಕದ ಎದುರಿಗೇ ಹಣ್ಣು ತೆಗೆದಳು. ಉಗುರಿನಿಂದ ಸಿಪ್ಪೆ ಸೀಳಿ, ಒಂದೊಂದು ಎಸಳಿನ ಬಿಳಿಯ ಪೊರೆಯನ್ನೂ ಹರಿಯದಂತೆ ಸುಲಿದು, ಒಳಗಿನ ಕೆಂಪು ತಿರುಳನ್ನು ಅವನ ಅಂಗೈಗಿಟ್ಟಳು. “ಹಿಂಗೆ ಬಿಡಿಸ್ಬೇಕು. ತಿನ್ನಪ್ಪ.”

ಅವನು ತಿಂದ. “ನಮ್ಮನೇಲೂ ಒಂದು ಮರ ಇತ್ತು ಅಜ್ಜಿ. ಅಮ್ಮನೂ ಹಿಂಗೇ ಬಿಡಿಸಿ ಉಪ್ಪು, ಖಾರ ಹಾಕಿ ಕೊಡ್ತಿದ್ರು.”

“ಇತ್ತು ಅಂದ್ರೆ?”

“ಈಗಿಲ್ಲ. ಜಾಗ ಬೇಕು ಅಂತ ಅಣ್ಣ ಕಡಿಸ್ಬಿಟ್ಟ.”

“ಅವನ ಕೈ ಸೇದೋಗ!” ಅಂದಳು ಅಜ್ಜಿ. ಆಮೇಲೆ ಅಣ್ಣನಲ್ಲವೇ ಎಂದು ನೆನಪಾಗಿ, “ಒಂದು ಕೈ ಸಾಕು ಬಿಡು,” ಎಂದು ಇಳಿಸಿದಳು.

ನಾನು ಹಿಡಿದಿದ್ದ ಕಡ್ಡಿಗಳನ್ನು ಮೆಲ್ಲಗೆ ತಟ್ಟೆಯ ಮೇಲಿಟ್ಟು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಬಿಟ್ಟೆ.

“ಒಂದ್ಸಲ ಬಾರಪ್ಪ, ನಮ್ಮ ಮರ ನೋಡೀವಂತೆ. ಇವ್ಳು ಕಾರಲ್ಲೇ ಕರ್ಕಂಡು ಬತ್ತಾಳೆ,” ಅಂದಳು ಅಜ್ಜಿ. ಇನ್ನೊಂದು ಹಣ್ಣನ್ನೂ ಅವನಿಗೇ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದ. ಅಜ್ಜಿ ನನ್ನ ಕಡೆ ತಿರುಗಿದಳು.

“ಅದೇನೋ ಕೇಳ್ಬೇಕು ಅಂತಿದ್ಯಲ್ಲ?”

“ಏನಿಲ್ಲ. ಇನ್ನೊಂದು ಸಲಾಡ್ ಹೇಳ್ಲಾ ಅಂತ.”

“ಬ್ಯಾಡ. ಇವತ್ತು ಕಲ್ತವ್ನೆ, ಕೈ ಕುದುರ್ಲಿ.”

ಈಗ ಕಾರು ಗೇಟಿನ ಹೊರಗೆ, ಕಾಂಪೌಂಡ್ ದಾಟಿ ಚಾಚಿದ ಕೊಂಬೆಯ ಕೆಳಗೆ ನಿಲ್ಲುತ್ತದೆ. ನೆರಳಿರುತ್ತದೆ ಎಂದು ಆ ಜಾಗವನ್ನು ನಾನೇ ಆರಿಸಿದ್ದು. ಮೂರನೆಯ ದಿನ ಬೆಳಿಗ್ಗೆ ಧಡ್ ಎಂದು ಸದ್ದಾಯಿತು. ನಾನು ಓಡಿ ಬರುವಷ್ಟರಲ್ಲಿ ಅಜ್ಜಿ ಕಾರಿನ ಪಕ್ಕದಲ್ಲಿದ್ದಳು. ಬಾನೆಟ್ ಮೇಲೆ ಏಳು ಇಂಚು ಅಗಲದ ತಗ್ಗು ಬಿದ್ದಿತ್ತು. ಅಳತೆ ಆಮೇಲೆ ತೆಗೆದುಕೊಂಡದ್ದು. ಅಜ್ಜಿ ಹಣ್ಣನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದಳು.

“ಸದ್ಯ,” ಅಂದಳು, “ಏನೂ ಆಗಿಲ್ಲ.”