ಬಣ್ಣ ಕಾಣದ ಪರದೆ

ಮೂಡುಬಿದಿರೆಯ ನನ್ನ ಪ್ರೆಸ್ಸಿನಲ್ಲಿ ಮದುವೆ ಕಾಗದ ಟೈಪು ಮಾಡುತ್ತಿದ್ದ ಅಕ್ಕನಿಗೆ ಕಂಪ್ಯೂಟರಿನ ಬೆಳಕು ನೋಡಿದರೆ ತಲೆ ಒಡೆಯುವಂಥ ನೋವು. ಕೆಲಸ ಬಿಡುವುದೇ ಎಂದುಕೊಂಡಿದ್ದರು. ಒಂದು ದಿನ ಪುಸ್ತಕ ಓದುವ ಇ-ರೀಡರ್ ತಂದು, ವೈಫೈಯಲ್ಲಿ ಕಂಪ್ಯೂಟರಿಗೆ ಜೋಡಿಸಿ, ಅದನ್ನೇ ಪರದೆ ಮಾಡಿಕೊಂಡರು. ಕಾಗದದಂತೆ ಕಣ್ಣಿಗೆ ಹಿತ. ಆದರೆ ಒತ್ತಿದ ಅಕ್ಷರ ತಡವಾಗಿ ಮೂಡುತ್ತಿತ್ತು.

“ಇದೆಂಥದು ಅಕ್ಕ, ಒಂದನೇ ಕ್ಲಾಸಿನ ಸ್ಲೇಟಾ?” ಎಂದೆ.

“ನಿಧಾನಕ್ಕೆ ಬರ್ತದೆ ಮಾರಾಯ್ರೆ,” ಎಂದು ಕೈ ಕಟ್ಟಿ ಕಾಯುತ್ತಿದ್ದರು. ಗಿರಾಕಿಗಳು ಅವಸರ ಮಾಡಿದರೂ ಅದೇ ಮಾತು.

ಬಂಟ್ವಾಳದ ಬ್ಯಾರಿಯೊಬ್ಬರ ಮಗಳ ನಿಖಾ ಕಾಗದಕ್ಕೆ ಹಸಿರು ಬೇಕಿತ್ತು. ಅಕ್ಕ ಹಸಿರೆಂದು ಆರಿಸಿದ್ದು ಮಾದರಿ ಪ್ರತಿಯಲ್ಲಿ ಕಡುಗೆಂಪಾಗಿ ಬಂತು. ಆ ಪರದೆಯಲ್ಲಿ ಎರಡೂ ಒಂದೇ ಬೂದು. ಅಕ್ಕ ಕನ್ನಡಕ ತೆಗೆದಿಟ್ಟು, “ನಾಳೆಯಿಂದ ನಾನು ಬರುವುದಿಲ್ಲ,” ಎಂದರು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒತ್ತಕ್ಷರದಲ್ಲಿ ಸೋಲುತ್ತೇನೆ; ಶಾಯಿಯ ವಿಷಯದಲ್ಲಿ ಯಾರಿಗೂ ಸೋತವನಲ್ಲ.

“ಅಕ್ಷರ ನೀವು ನೋಡಿ, ಬಣ್ಣ ನಾನು ನೋಡ್ತೇನೆ,” ಎಂದೆ.

ಅಕ್ಕ ಮತ್ತೆ ಕನ್ನಡಕ ಹಾಕಿಕೊಂಡು, ಕಂಪ್ಯೂಟರಿನ ದೊಡ್ಡ ಪರದೆಯನ್ನು ನನ್ನ ಮಿಷನಿನ ಕಡೆಗೆ ತಿರುಗಿಸಿಟ್ಟರು.

“ಹಾಗಾದರೆ ನೋಡಿ ಹೇಳಿ, ಇದು ಹಸಿರು ಹೌದಾ?”